ರಿಸರ್ವ್‌ಗೆ ಸೇರುವ ಮೊದಲು ಒಸಿಐ ವಿಷಯ ಕೇಳಿಕೋ

ತಮ್ಮಾ, ಬನಶಂಕರಿಯಿಂದ ಬಂದವನು, ಗ್ರೀನ್ ಕಾರ್ಡ್ ಈಗಷ್ಟೇ ಕೈಗೆ ಬಂತು, ನೆಟ್‌ವರ್ಕ್ ಕೆಲಸ ಗೊತ್ತು, ಅಮೆರಿಕದ ಆರ್ಮಿ ರಿಸರ್ವ್‌ನಲ್ಲಿ ಅಂದರೆ ಅರೆಕಾಲಿಕ ಸೈನ್ಯದಲ್ಲಿ, ಸಂಪರ್ಕ ವ್ಯವಸ್ಥೆ ನೋಡಿಕೊಳ್ಳುವ ಸಿಗ್ನಲ್ ಕಡೆ ಸೇರಲಾ ಅಂತ ಕೇಳಿದ್ದೀಯ. ಕೆಲಸ ಹೇಗೆ, ಊಟ ಹೇಗೆ, ಊರಿಗೆ ಹೋಗಿ ಬರೋಕೆ ತೊಂದರೆ ಇದೆಯಾ ಅಂತಲೂ ಕೇಳಿದ್ದೀಯ.

ಊಟ ನಡೆಯುತ್ತದೆ. ಸಸ್ಯಾಹಾರದ ಪ್ಯಾಕೆಟ್ ಕೂಡ ಇದೆ. ರುಚಿ ಕೇಳಬೇಡ.

ಕೆಲಸ ತಿಂಗಳಿಗೊಂದು ಶನಿವಾರ ಭಾನುವಾರ, ಜೊತೆಗೆ ವರ್ಷಕ್ಕೆ ಸುಮಾರು ಎರಡು ವಾರ. ಅದಕ್ಕೂ ಮೊದಲು 10 ವಾರ ಬೇಸಿಕ್ ಟ್ರೈನಿಂಗ್, ಆಮೇಲೆ ಜಾರ್ಜಿಯಾದ ಫೋರ್ಟ್ ಗಾರ್ಡನ್‌ನಲ್ಲಿ ಸಿಗ್ನಲ್ ಶಾಲೆ. ನಮ್ಮಪ್ಪ ದೂರವಾಣಿನಗರದ ಐಟಿಐ ಟೆಲಿಫೋನ್ ಕಾರ್ಖಾನೆಯಲ್ಲಿ ಫೋನ್ ಜೋಡಿಸುತ್ತಿದ್ದವರು. ನಾನು ಅಲ್ಲಿಗೆ ಹೋದಾಗ "ಕೊನೆಗೂ ನೀನೂ ವೈರ್ ಎಳೆಯೋಕೇ ಹೋದೆಯಲ್ಲೋ" ಎಂದು ನಕ್ಕರು. ಸರಿಯಾಗೇ ಹೇಳಿದ್ದರು. ಬಯಲಲ್ಲಿ ಆಂಟೆನಾ ನಿಲ್ಲಿಸಿ, ಜನರೇಟರ್ ಶುರು ಮಾಡಿ, ಡಿಶ್ಶನ್ನು ಸ್ಯಾಟಲೈಟ್ ಕಡೆಗೆ ಸರಿಯಾಗಿ ತಿರುಗಿಸಿ, ಡೇರೆಯೊಳಗಿನ ಫೋನು ರಿಂಗ್ ಆಗುವ ತನಕ ನಿದ್ದೆ ಇಲ್ಲ. ಕರೆಂಟ್ ಹೋದಾಗ ಮಾತ್ರ ಲೈನ್‌ಮನ್ ನೆನಪಾಗುತ್ತಾನೆ ಅಲ್ವಾ, ನಮ್ಮದೂ ಅದೇ ಕಥೆ. ಆದರೂ ಮಳೆಯಲ್ಲಿ ನಿಂತು ಲಿಂಕ್ ತಂದ ರಾತ್ರಿಗಳ ಬಗ್ಗೆ ನನಗೆ ಈಗಲೂ ಹೆಮ್ಮೆ ಇದೆ, ಯಾಕೆ ಸುಳ್ಳು ಹೇಳಲಿ.

ಒಂದು ಮಾತು. ಗ್ರೀನ್ ಕಾರ್ಡ್ ಇದ್ದರೆ ಸೇರಬಹುದು, ಆದರೆ ಸಿಗ್ನಲ್‌ನ ಎಷ್ಟೋ ಕೆಲಸಕ್ಕೆ ಸೆಕ್ಯುರಿಟಿ ಕ್ಲಿಯರೆನ್ಸ್, ಅಂದರೆ ಗುಪ್ತ ಮಾಹಿತಿ ನೋಡೋಕೆ ಸರ್ಕಾರದ ಅನುಮತಿ, ಬೇಕು, ಅದು ಇಲ್ಲಿನ ನಾಗರಿಕರಿಗೆ ಮಾತ್ರ. ರಿಕ್ರೂಟರ್ ಬಾಯಿಮಾತು ನಂಬಬೇಡ, ಯಾವ ಕೆಲಸ ಅಂತ ಕಾಗದದಲ್ಲಿ ನೋಡಿ ಸಹಿ ಹಾಕು. ಒಪ್ಪಂದ ಒಟ್ಟು 8 ವರ್ಷದ್ದು, ಸುಮ್ನೆ ಅಲ್ಲ.

ಊರಿನ ವಿಷಯಕ್ಕೆ ಬರುತ್ತೇನೆ. ಬೇರೆ ದೇಶದ ಸೈನ್ಯದಲ್ಲಿ ಇರುವವರಿಗೆ, ಇದ್ದು ನಿವೃತ್ತರಾದವರಿಗೂ, ಭಾರತ ಒಸಿಐ ಕಾರ್ಡ್ (ಬೇರೆ ದೇಶದ ಪೌರತ್ವ ತಗೊಂಡ ಭಾರತ ಮೂಲದವರು ವೀಸಾ ಇಲ್ಲದೆ ಊರಿಗೆ ಬಂದುಹೋಗುವ ಕಾರ್ಡ್) ಕೊಡುವುದಿಲ್ಲ. ಇದನ್ನು ನನಗೆ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಇಲ್ಲಿನ ಪೌರತ್ವ ತಗೊಂಡೆ, ಭಾರತದ ಪಾಸ್‌ಪೋರ್ಟ್ ಒಪ್ಪಿಸಿದೆ, ಒಸಿಐ ನಿಧಾನಕ್ಕೆ ಮಾಡಿಸಿದರಾಯ್ತು ಅಂದುಕೊಂಡೆ. ಆಮೇಲೊಂದು ದಿನ ಅಮ್ಮನಿಗೆ ತುರ್ತಾಗಿ ಪಿತ್ತಕೋಶದ ಆಪರೇಷನ್ ಅಂತ ತಂಗಿ ಫೋನ್ ಮಾಡಿದಳು. ನನ್ನ ಹತ್ತಿರ ಒಸಿಐಯೂ ಇಲ್ಲ, ವೀಸಾವೂ ಇಲ್ಲ. ವೀಸಾ ಅರ್ಜಿಯಲ್ಲಿ ಸೈನ್ಯದಲ್ಲಿ ಇದ್ದೀರಾ ಎಂಬ ಪ್ರಶ್ನೆ ಇದೆ. ಹೌದು ಅಂತ ಬರೆದೆ. ಇನ್ನೊಂದು ಕಾಗದ ಕೇಳಿದರು, ಅದನ್ನು ಕೊಟ್ಟ ಮೇಲೆ ಮತ್ತೊಂದು. ಇತ್ತ ಯೂನಿಟ್‌ನಿಂದಲೂ ವಿದೇಶಕ್ಕೆ ಹೋಗಲು ಒಪ್ಪಿಗೆ ಆಗಬೇಕು. ಜಯನಗರದ ಮನೆ ತಲುಪುವಷ್ಟರಲ್ಲಿ ಅಮ್ಮನ ಹೊಲಿಗೆ ಬಿಚ್ಚಿಯಾಗಿತ್ತು. ಅವರೇ ಎದ್ದು ಬಂದು ಬಾಗಿಲು ತೆಗೆದು, "ಎಷ್ಟು ದಿನ ಬಿಟ್ಟಿದ್ದಾರೆ ನಿನ್ನ?" ಎಂದು ಕೇಳಿದರು.

ಹಾಗಾಗಿ ಮೊದಲು ಮನೆಯಲ್ಲಿ ಮಾತಾಡು, ರಿಕ್ರೂಟರ್‌ಗೆ ಆಮೇಲೆ ಫೋನ್ ಮಾಡು. ಮುಂದೆ ಪೌರತ್ವ ಬಂದರೆ ಜಾಸ್ತಿ ವರ್ಷದ ವೀಸಾ ಮಾಡಿಸಿ ಇಟ್ಟುಕೋ, ಯಾರಿಗೂ ಏನೂ ಆಗದಿದ್ದಾಗಲೇ. ಮತ್ತೆ ಈಗಿನಿಂದಲೇ ಓಡು. ಎರಡು ಮೈಲಿ ಓಟದ ಪರೀಕ್ಷೆ ಇದೆ, ಲಾಲ್‌ಬಾಗ್ ವಾಕಿಂಗ್ ಅಲ್ಲ ಅದು.