ಮೇಡಂ, ಮೊದಲು ಚೊಂಬಿನ ಕಣ್ಣು ಕೀಳಿ

ನೀವು ಈ ಗುಂಪಲ್ಲಿ ಹಾಕಿರೋ ಸ್ಟೀಲ್ ಚೊಂಬಿನ ಸ್ಟಾಪ್ ಮೋಷನ್ (ಸ್ವಲ್ಪ ಸ್ವಲ್ಪ ಸರಿಸಿ ಒಂದೊಂದೇ ಫೋಟೋ ತೆಗೆದು ಜೋಡಿಸೋ ಸಿನಿಮಾ) ಮೂರು ಸಲ ನೋಡಿದೆ. ಪ್ಲಾಸ್ಟಿಕ್ ಕಣ್ಣು, ಕೆಂಪು ಕಾಗದದ ಬಾಯಿ, ಹಿಂದಿನಿಂದ "ನನ್ನನ್ನ ಯಾರೂ ಮುಟ್ಟಲ್ಲ" ಅನ್ನೋ ಅಳುದನಿ. ಬೇಜಾರು ಮಾಡ್ಕೋಬೇಡಿ, ನಾನೂ ಇದೇ ಹಳ್ಳಕ್ಕೆ ಬಿದ್ದು ಎದ್ದವನು.

ನಂದು ಲಟ್ಟಣಿಗೆ. ಕಣ್ಣು, ಹುಬ್ಬು, ಮೀಸೆ ಅಂಟಿಸಿ, ಏಳು ಥರದ ತುಟಿ ಕತ್ತರಿಸಿ, ನಾಲ್ಕು ಭಾನುವಾರ ಕೂತು ಆರುನೂರು ಫೋಟೋ ತೆಗೆದೆ. ಸೆಕೆಂಡಿಗೆ 12ರ ಲೆಕ್ಕದಲ್ಲಿ ಐವತ್ತು ಸೆಕೆಂಡ್ ಸಿನಿಮಾ. ಅಕ್ಕನ ಮಗಳು ನೋಡಿ, "ಮಾಮ, ಯಾರೋ ಲಟ್ಟಣಿಗೆ ವೇಷ ಹಾಕಿದಾರಾ?" ಅಂದ್ಲು. ಮುಗೀತು ಕಥೆ.

ಎಲ್ಲಾ ಕಿತ್ತೆ. ಅಂಟಿನ ಕಲೆ ಇನ್ನೂ ಇದೆ, ಅಮ್ಮ ಪ್ರತಿ ಚಪಾತಿಗೂ ಬೈತಾರೆ. (ಕಣ್ಣು ಬೇಕೇ ಬೇಕಂದ್ರೆ ಬ್ಲೂಟ್ಯಾಕ್, ಅಂದ್ರೆ ಮತ್ತೆ ಕೀಳಬಹುದಾದ ಮೆತ್ತನೆ ಅಂಟು. ಗಟ್ಟಿ ಅಂಟು ಯಾವುದೂ ಬೇಡ.) ಲಟ್ಟಣಿಗೆ ಇರೋದೇ ಉರುಳೋಕೆ. ಆ ಕೆಲಸ ತಪ್ಪಿದ್ರೆ? ಮನೆಗೆ ರೆಡಿ ಚಪಾತಿ ಪ್ಯಾಕೆಟ್ ಬಂದ ದಿನ ಅಂತ ಇಟ್ಕೊಂಡೆ. ಪ್ಯಾಕೆಟ್ ಚಿತ್ರದೊಳಗೆ ಬರುತ್ತೆ. ಲಟ್ಟಣಿಗೆ ಕಾಲು ಸುತ್ತು ಮುಂದೆ ಉರುಳಿ ಗಕ್ಕನೆ ನಿಲ್ಲುತ್ತೆ. ಎರಡು ಸೆಕೆಂಡ್ ಅಲ್ಲಾಡಲ್ಲ. ಆಮೇಲೆ ಒಂದೊಂದೇ ಮಿಲಿಮೀಟರ್ ಹಿಂದಕ್ಕೆ, ಗೋಡೆ ತನಕ. ಅಷ್ಟೇ. ಅದೇ ಹುಡುಗಿ ಎದ್ದು "ಅಜ್ಜೀ, ಇವತ್ತು ಚಪಾತಿ ಲಟ್ಟಿಸು" ಅಂತ ಒಳಗೆ ಓಡಿದ್ಲು.

ಅಮೆರಿಕದ ಆನಿಮೇಷನ್ ಕಂಪನಿ ಪಿಕ್ಸಾರ್‌ನ 1986ರ ದೀಪಗಳು ನೆನಪಿದೆಯಲ್ಲ, 'ಲಕ್ಸೋ ಜೂನಿಯರ್' ಕಿರುಚಿತ್ರದ್ದು? ಚೆಂಡು ಒಡೆದಾಗ ಮರಿದೀಪ ತಲೆ ತಗ್ಗಿಸುತ್ತೆ. ಕಣ್ಣೂ ಇಲ್ಲ, ಬಾಯೂ ಇಲ್ಲ. ಅದಕ್ಕಿಂತ ಹಳೇದು ಕೆನಡಾದ ನಾರ್ಮನ್ ಮೆಕ್ಲಾರೆನ್, ಕ್ಲೋಡ್ ಜುತ್ರಾ ಮಾಡಿದ 'ಎ ಚೇರಿ ಟೇಲ್' ಕಿರುಚಿತ್ರ, 1957ರದ್ದು. ಕುರ್ಚಿ ಆ ಮನುಷ್ಯನ್ನ ಕೂರೋಕೇ ಬಿಡಲ್ಲ. ಮೊದಲು ತಾನು ಅವನ ಮೇಲೆ ಕೂರಬೇಕು ಅನ್ನೋದೇ ಅದರ ಹಟ! ಒಂದು ಮಾತಿಲ್ಲ, ರವಿಶಂಕರ್ ಸಿತಾರ್, ಚತುರ್ ಲಾಲ್ ತಬಲಾ ಇರೋ ಸಂಗೀತ ಅಷ್ಟೇ. ಆ ಅಳುದನಿ ತೆಗೀರಿ ಅಂತ ನಾನು ಹೇಳ್ತಿರೋದು ಇದಕ್ಕೇ. ನಲ್ಲಿ ತೊಟ್ಟಿಕ್ಕೋ ಸದ್ದು ಹಾಕಿ.

ಚೊಂಬಿಗೆ ಬೇಕಾಗಿರೋದು ನೀರು ತಾನೇ? ಖಾಲಿ ಇದ್ದಾಗ ಹಗುರವಾಗಿ ಎರಡು ಮೂರು ಫ್ರೇಮಲ್ಲೇ (ಒಂದು ಫ್ರೇಮ್ ಅಂದ್ರೆ ಒಂದು ಫೋಟೋ) ತಿರುಗಲಿ. ತುಂಬಿದ ಮೇಲೆ ಹೊರಡೋಕೇ ಆರೇಳು ಫ್ರೇಮ್ ತಗೊಳ್ಳಲಿ. ಹೊರಡೋ ಮುಂಚೆ ಎರಡು ಫ್ರೇಮ್ ಹಿಂದಕ್ಕೆ ವಾಲಿಸಿ. ಸ್ಟೀಲ್ ರಬ್ಬರಿನ ಥರ ಹಿಗ್ಗಲ್ಲ ಕುಗ್ಗಲ್ಲ, ಹಾಗಾಗಿ ನಿಮಗಿರೋದು ವಾಲಾಟ, ಸಮಯದ ಲೆಕ್ಕ ಎರಡೇ. ವಾಲಿ ನಿಲ್ಲಿಸೋಕೆ ಒಳಗೆ ಮರಳಿನ ಸಣ್ಣ ಚೀಲ ಇಟ್ಟು ಒಂದು ಪಕ್ಕಕ್ಕೆ ಸರಿಸಿ. ಪುಟ್ಟ ಮಕ್ಕಳಿಗಾಗಿ ಮಾಡ್ತಿದ್ರೆ ಮುಖ ಇರಲಿ ಬಿಡಿ, ಆದರೆ ಅದೂ ಅತಿಯಾಗಬಾರದು.

ಇನ್ನೊಂದು, ಚೊಂಬಿನ ಹೊಟ್ಟೆಯಲ್ಲಿ ನಿಮ್ಮ ಹಳದಿ ಚೂಡಿದಾರ್ ಕುಣೀತಿದೆ! ಕಪ್ಪು ಬಟ್ಟೆ ಹಾಕ್ಕೊಂಡು, ಸುತ್ತ ಬಿಳಿ ಚಾರ್ಟ್ ಪೇಪರ್ ನಿಲ್ಲಿಸಿ. ಬೆಳಕು ಮಿಣಮಿಣ ಅಂತಿರೋದು ಆಟೋ ಎಕ್ಸ್‌ಪೋಷರ್ ಕಾಟ, ಫೋನ್ ಪ್ರತಿ ಫೋಟೋಗೂ ಬೆಳಕಿನ ಪ್ರಮಾಣ ತಾನೇ ಬದಲಿಸುತ್ತೆ. ಎಕ್ಸ್‌ಪೋಷರ್, ಫೋಕಸ್, ವೈಟ್ ಬ್ಯಾಲೆನ್ಸ್ (ಬಣ್ಣದ ಹದ) ಮೂರೂ ಲಾಕ್ ಮಾಡಿ, ಕಿಟಕಿಗೆ ದಪ್ಪ ಬೆಡ್‌ಶೀಟ್ ಕಟ್ಟಿ. ಎಷ್ಟು ಸಲ ಹೇಳೋದು ಈ ಗುಂಪಲ್ಲಿ! ಡ್ರ್ಯಾಗನ್‌ಫ್ರೇಮ್ ಅನ್ನೋ ಕಂಪ್ಯೂಟರ್ ಸಾಫ್ಟ್‌ವೇರ್ ಒಳ್ಳೇದೇ, ಈಗಲೇ ದುಡ್ಡು ಸುರೀಬೇಡಿ, ಫೋನಿನ ಸ್ಟಾಪ್ ಮೋಷನ್ ಸ್ಟುಡಿಯೋ ಆ್ಯಪ್ ಸಾಕು. ಬಟನ್ ಒತ್ತುವಾಗ ಫೋನ್ ಅಲ್ಲಾಡುತ್ತೆ, ಟೈಮರ್ ಇಡಿ. ಫ್ಯಾನ್ ಆಫ್.

ಹೊಸದು ಮಾಡಿದ್ಮೇಲೆ ಸದ್ದಿಲ್ಲದ್ದನ್ನೇ ಮೊದಲು ಇಲ್ಲಿ ಹಾಕಿ.