ಸಿಮೆಂಟ್ ಬೋರ್ಡ್ ಕೆಳಗೆ ಥಿನ್‌ಸೆಟ್ ಹಾಕದೆ ಟೈಲ್ ಕೂರಿಸಬೇಡಿ

ಸರ್, ನಾಳೆ ಟೈಲ್ ಹಾಕುತ್ತೇನೆ ಅಂದಿದ್ದೀರಿ. ದಯವಿಟ್ಟು ನಿಲ್ಲಿಸಿ. ನೀವು ಹಾಕಿದ ಫೋಟೋದಲ್ಲಿ ಒಎಸ್‌ಬಿ (ಮರದ ಚೂರು ಒತ್ತಿ ಮಾಡಿದ ನೆಲದ ಹಲಗೆ) ಮೇಲೆ ಸಿಮೆಂಟ್ ಬೋರ್ಡ್ ಹಾಗೇ ಮಲಗಿಸಿ, ಗೋಡೆಯ ಜಿಪ್ಸಮ್ ಹಲಗೆಗೆ ಬಳಸುವ ಡ್ರೈವಾಲ್ ಸ್ಕ್ರೂ ಹೊಡೆದಿರುವುದು ಕಾಣುತ್ತಿದೆ. ಮಿಷಿಗನ್‌ನಲ್ಲಿ ನಾವು ಕೊಂಡ ಮನೆಯಲ್ಲೂ ಹಿಂದಿನವರು ಇದನ್ನೇ ಮಾಡಿಸಿದ್ದರು.

ಅಡುಗೆಮನೆ ತುಂಬ ಟೈಲ್ ಸಂದಿನ ಗ್ರೌಟ್ ಬಿರುಕು, ಟೈಲ್ ತಟ್ಟಿದರೆ ಟೊಳ್ಳು ಸದ್ದು. ಬೋರ್ಡ್ ಕಿತ್ತರೆ ಕೆಳಗೆ ಒಂದು ಚಮಚ ಥಿನ್‌ಸೆಟ್ (ಟೈಲ್ ಕೂರಿಸುವ ಸಿಮೆಂಟ್ ಗಾರೆ) ಇಲ್ಲ. ಓಡಾಡಿದಾಗೆಲ್ಲ ಬೋರ್ಡ್ ಅಲ್ಲಾಡಿ, ಸ್ಕ್ರೂ ತೂತುಗಳು ಸವೆದು ಅಗಲವಾಗಿ, ಸುತ್ತ ಬೂದು ಪುಡಿ ತುಂಬಿತ್ತು. ಎಷ್ಟೋ ಡ್ರೈವಾಲ್ ಸ್ಕ್ರೂಗಳ ತಲೆಯೇ ಮುರಿದಿತ್ತು. ಕಿತ್ತು ಹೊರಗೆ ಹಾಕುವಷ್ಟರಲ್ಲಿ ಸೊಂಟ ಬಿದ್ದುಹೋಯಿತು.

ಅಲ್ಲಿ ಥಿನ್‌ಸೆಟ್ ಇರುವುದು ಅಂಟಿಸಲಿಕ್ಕಲ್ಲ, ಬೋರ್ಡ್ ಕೆಳಗಿನ ಸಂದು ತುಂಬಲಿಕ್ಕೆ. ಬೋರ್ಡ್ ಬಿಚ್ಚಿ, 1/4 ಇಂಚಿನ ಹಲ್ಲಿನ ಕರಣೆಯಲ್ಲಿ ಥಿನ್‌ಸೆಟ್ ಎಳೆದು, ಅದು ಹಸಿ ಇರುವಾಗಲೇ ಬೋರ್ಡ್ ಕೂರಿಸಿ. ಸಿಮೆಂಟ್ ಬೋರ್ಡ್ ಸ್ಕ್ರೂಗಳನ್ನೇ 8 ಇಂಚಿಗೊಂದರಂತೆ ಹಾಕಿ. ಬೋರ್ಡ್‌ಗಳ ನಡುವೆ 1/8 ಇಂಚು ಸಂದು ಬಿಡಿ, ಅಲ್ಲಿ ಸಿಮೆಂಟ್‌ಗೆ ಕರಗದ ಮೆಶ್ ಟೇಪ್ ಮತ್ತು ಥಿನ್‌ಸೆಟ್. ಡ್ರೈವಾಲ್ ಟೇಪ್ ಬೇಡವೇ ಬೇಡ. ಬೋರ್ಡ್ ಜೋಡಣೆ ಕೆಳಗಿನ ಒಎಸ್‌ಬಿ ಜೋಡಣೆಯ ಮೇಲೇ ಬರಬಾರದು.

ಇನ್ನೊಂದು ವಿಷಯ. ಬೋರ್ಡ್ ಹಾಕಿದರೆ ನೆಲ ಗಟ್ಟಿಯಾಗುವುದಿಲ್ಲ. ಊರಲ್ಲಿ ಆರ್‌ಸಿಸಿ ಮೇಲೆ ಟೈಲ್ ನೋಡಿ ಬೆಳೆದವರಿಗೆ ನೆಲ ಬಾಗುತ್ತದೆ ಅನ್ನೋದೇ ತಲೆಗೆ ಬರುವುದಿಲ್ಲ, ಅಲ್ವಾ? ಇಲ್ಲಿ ಅಮೆರಿಕದಲ್ಲಿ ನೆಲ ಹೊರುವುದು ಮರದ ಜಾಯಿಸ್ಟ್, ಅಂದರೆ ತೊಲೆ. ಸೆರಾಮಿಕ್ ಅಥವಾ ಪೋರ್ಸಲೀನ್‌ಗೆ ಆಧಾರದಿಂದ ಆಧಾರಕ್ಕೆ ಇರುವ ಉದ್ದದ 360ನೇ ಒಂದು ಭಾಗಕ್ಕಿಂತ ಜಾಸ್ತಿ ಬಾಗಬಾರದು. ಅಂದರೆ 12 ಅಡಿಗೆ 0.4 ಇಂಚು. ಮಾರ್ಬಲ್‌ನಂಥ ಕಲ್ಲಿಗೆ 720ನೇ ಒಂದು ಭಾಗ, ಜೊತೆಗೆ ಎರಡನೇ ಪದರ ಪ್ಲೈವುಡ್ ಬೇಕೇ ಬೇಕು. ಜಾಯಿಸ್ಟ್ ಅಳತೆ, ಮರದ ಜಾತಿ, ಆಧಾರದಿಂದ ಆಧಾರಕ್ಕೆ ಎಷ್ಟು ದೂರ ಅಂತ ಇಲ್ಲಿ ಹಾಕಿ, ಲೆಕ್ಕ ನೋಡೋಣ. ಕಿರುಗುಟ್ಟುವ ಜಾಗದಲ್ಲಿ ಒಎಸ್‌ಬಿಯನ್ನು ಜಾಯಿಸ್ಟ್‌ಗೆ ಮೊದಲು ಬಿಗಿ ಮಾಡಿ.

ಡಿಟ್ರಾ (ಬೋರ್ಡ್ ಬದಲು ಟೈಲ್ ಕೆಳಗೆ ಹಾಸುವ ಪ್ಲಾಸ್ಟಿಕ್ ಹಾಳೆ) ಬಗ್ಗೆ ಕೇಳಿದ್ದಿರಿ. ನನಗೆ ಬೋರ್ಡ್‌ಗಿಂತ ಅದೇ ಇಷ್ಟ. ಹಗುರ, 1/8 ಇಂಚು ದಪ್ಪ, ಮರ ಹಿಗ್ಗಿ ಕುಗ್ಗಿದರೂ ಟೈಲ್ ಎಳೆಯುವುದಿಲ್ಲ. ಆದರೆ ಬಾಗುವ ನೆಲವನ್ನು ಅದೂ ಕಾಪಾಡುವುದಿಲ್ಲ. ಬಕೆಟ್‌ನಲ್ಲಿ ಕಲಸಿಟ್ಟು ಮಾರುವ ಅಂಟು ಮಾತ್ರ ಮುಟ್ಟಬೇಡಿ, ದೊಡ್ಡ ಟೈಲ್ ಕೆಳಗೆ ಅದು ಸರಿಯಾಗಿ ಒಣಗುವುದೇ ಇಲ್ಲ. ಥಿನ್‌ಸೆಟ್ ಪುಡಿ ತಂದು ಕಲಸಿ.

ನಿಮ್ಮದು 12×24 ಇಂಚಿನ ಟೈಲ್. 10 ಅಡಿಯಲ್ಲಿ 1/8 ಇಂಚಿಗಿಂತ ಏರುತಗ್ಗು ಇರಬಾರದು, ಉದ್ದನೆಯ ಪಟ್ಟಿ ಇಟ್ಟು ನೋಡಿ. ಗೋಡೆಯಂಚಿಗೆ 1/4 ಇಂಚು ಖಾಲಿ ಬಿಡಿ, ಅಲ್ಲಿ ಗ್ರೌಟ್ ತುಂಬಬೇಡಿ. ಮೂಲೆಯ ಹಳೆ ವಿನೈಲ್ 1980ರ ಸುಮಾರಿನದು ಅಥವಾ ಇನ್ನೂ ಹಳೆಯದಾದರೆ ಸುಮ್ನೆ ಕೆರೆಯಬೇಡಿ, ಆಸ್ಬೆಸ್ಟಾಸ್ ಇರಬಹುದು, ಮೊದಲು ಲ್ಯಾಬ್‌ನಲ್ಲಿ ಪರೀಕ್ಷೆ ಮಾಡಿಸಿ. ನೆಲ ಎತ್ತರವಾದರೆ ಕಮೋಡ್ ಫ್ಲೇಂಜ್ (ಕಮೋಡನ್ನು ನೆಲದ ಪೈಪ್‌ಗೆ ಕೂಡಿಸುವ ಬಳೆ) ತಗ್ಗಿನಲ್ಲಿ ಉಳಿಯುತ್ತದೆ, ಅದನ್ನು ಎತ್ತರಿಸುವ ಎಕ್ಸ್‌ಟೆಂಡರ್ ರಿಂಗ್ ಈಗಲೇ ತಂದಿಟ್ಟುಕೊಳ್ಳಿ.