1869ರ ಪಟ್ಟಿಯಲ್ಲಿ ಟಚ್‌ಡೌನ್ ಹುಡುಕಬೇಡಿ

ತಾವು ನಿನ್ನೆ ಗುಂಪಿನಲ್ಲಿ ಹಾಕಿರುವ, ಅಮೆರಿಕದ ಕಾಲೇಜು ಫುಟ್‌ಬಾಲಿನ 1869ರ ಋತುವಿನ ಪಟ್ಟಿಯನ್ನು ನೋಡಿದೆ. ಮೊದಲ ಪಂದ್ಯದಲ್ಲಿ ರಟ್ಗರ್ಸ್ ಕಾಲೇಜು ತಂಡದ 6 ಒಂದು ಟಚ್‌ಡೌನ್ (ಚೆಂಡನ್ನು ಎದುರಾಳಿಯ ಗೋಲು ಗೆರೆಯಾಚೆ ಒಯ್ಯುವುದು) ಎಂದೂ, ಪ್ರಿನ್ಸ್‌ಟನ್ನಿನ 4 ಎರಡು ಸೇಫ್ಟಿಗಳೆಂದೂ (ಚೆಂಡು ಹಿಡಿದವನನ್ನು ಅವನದೇ ಗೋಲು ಗೆರೆಯ ಹಿಂದೆ ತಡೆದಾಗ ಎದುರಾಳಿಗೆ ಸಿಗುವ ಅಂಕ), ಮರುವಾರದ 8 ಟಚ್‌ಡೌನ್ ಮತ್ತು ಎರಡು ಅಂಕಗಳ ಕನ್ವರ್ಷನ್ (ಟಚ್‌ಡೌನ್ ನಂತರದ ಹೆಚ್ಚುವರಿ ಯತ್ನ) ಎಂದೂ ಬಿಡಿಸಿ ಬರೆದಿದ್ದೀರಿ. ಆ ಕನ್ವರ್ಷನ್ ಕಾಲೇಜು ಆಟಕ್ಕೆ ಬಂದದ್ದೇ 1958ರಲ್ಲಿ. ನಾನೂ ಒಮ್ಮೆ ಇದೇ ಹಳ್ಳಕ್ಕೆ ಬಿದ್ದವನಾದ್ದರಿಂದ ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ.

ಆ ಋತುವಿನ ಎರಡು ಪಂದ್ಯಗಳಲ್ಲೂ ಅಂಕಿಯೆಂದರೆ ಗೋಲು, ಅಷ್ಟೇ. ತಂಡಕ್ಕೆ 25 ಜನ. ಚೆಂಡನ್ನು ಒದೆಯಬಹುದಿತ್ತು, ಕೈಯಿಂದ ಬಡಿಯಬಹುದಿತ್ತು, ಹಿಡಿದುಕೊಂಡು ಓಡುವಂತಿರಲಿಲ್ಲ. ಹೀಗಿರುವಾಗ ಟಚ್‌ಡೌನ್ ಎಲ್ಲಿಂದ ಬರಬೇಕು?

ನನ್ನ ಹಳೆಯ ಪಟ್ಟಿಯಲ್ಲಿ ಇದಕ್ಕಿಂತ ದೊಡ್ಡ ಅವಾಂತರವಾಗಿತ್ತು. 6-4 ಎಂದು ಬರೆದು ಎಂಟರ್ ಒತ್ತಿದೊಡನೆ ಸ್ಪ್ರೆಡ್‌ಶೀಟ್ ಅದನ್ನು ಜೂನ್ 4 ಎಂದು ಬದಲಿಸಿತು. ನಿಜವಾದ ದಿನಾಂಕಗಳನ್ನು ಮಾತ್ರ, 1900ಕ್ಕಿಂತ ಹಿಂದಿನವೆಂಬ ಕಾರಣಕ್ಕೆ, ಬರಿಯ ಅಕ್ಷರಗಳೆಂದು ತಿಳಿಯಿತು. ಆಮೇಲೆ ದಿನಾಂಕದ ಕ್ರಮದಲ್ಲಿ ಜೋಡಿಸಿದಾಗ, 1 ಎಂಬುದು 6ಕ್ಕಿಂತ ಮೊದಲು ಬರುವುದರಿಂದ, 13-11-1869 ಮೇಲಕ್ಕೂ 6-11-1869 ಕೆಳಕ್ಕೂ ಹೋಗಿ, ಸೋತ ಪ್ರಿನ್ಸ್‌ಟನ್ ಸೇಡು ತೀರಿಸಿಕೊಂಡ 8-0 ಪಂದ್ಯವೇ ಕಾಲೇಜು ಫುಟ್‌ಬಾಲಿನ ಮೊಟ್ಟಮೊದಲ ಪಂದ್ಯವಾಗಿ ಕುಳಿತಿತ್ತು. ಸಾಲದ್ದಕ್ಕೆ 1875ರಲ್ಲಿ ಹಾರ್ವರ್ಡ್ ತಂಡವು ಯೇಲ್ ವಿರುದ್ಧ ಗೆದ್ದ 4-0ನ್ನು, ಗೋಲಿಗೆ ಮೂರರಂತೆ ಗುಣಿಸಿ, ನನ್ನ ಸೂತ್ರ 12-0 ಮಾಡಿತ್ತು. ಅದನ್ನು ಹಾಗೆಯೇ ನಾಲ್ಕು ಜನರಿಗೆ ಕಳುಹಿಸಿಯೂ ಬಿಟ್ಟಿದ್ದೆ.

ಅಂದಿನಿಂದ ಗೋಲು, ಟಚ್‌ಡೌನ್, ನಿಯಮದ ವರ್ಷ ಎಂದು ಮೂರು ಬೇರೆ ಬೇರೆ ಕಾಲಂ ಇಟ್ಟು, 1883ಕ್ಕಿಂತ ಹಿಂದಿನ ಯಾವ ಸಾಲಿನಲ್ಲೂ ಮೊತ್ತ ಹಾಕುವುದಿಲ್ಲ. 1876ರ ನಿಯಮದಲ್ಲಿ ನಾಲ್ಕು ಟಚ್‌ಡೌನ್ ಒಂದು ಗೋಲಿಗೆ ಸಮವೆಂದಿದ್ದರೂ ಅದನ್ನು ಅಂಕಗಳಾಗಿ ಪರಿವರ್ತಿಸಬಾರದು. 1883ರಲ್ಲಿ ಅಂಕಗಳು ಬಂದಾಗಲೂ ಮೊದಲಿಗೆ ಟಚ್‌ಡೌನಿಗೆ 2, ಫೀಲ್ಡ್ ಗೋಲಿಗೆ (ಆಟದ ನಡುವೆ ಚೆಂಡನ್ನು ಗೋಲು ಕಂಬಗಳ ನಡುವೆ ಒದೆಯುವುದು) 5 ಇತ್ತು. ಟಚ್‌ಡೌನಿಗೆ 6 ಆದದ್ದು 1912ರಲ್ಲಿ. ದಿನಾಂಕಗಳಿಗೆ ನಾನು ಲಿಬ್ರೆಆಫೀಸ್ ಕ್ಯಾಲ್ಕ್ ಎಂಬ ಸ್ಪ್ರೆಡ್‌ಶೀಟ್ ತಂತ್ರಾಂಶ ಬಳಸುತ್ತೇನೆ. ಅದು 1869ನ್ನು ತಕರಾರಿಲ್ಲದೆ ಒಪ್ಪಿಕೊಳ್ಳುತ್ತದೆ. ಅಲ್ಲಿಯೂ ಫಲಿತಾಂಶದ ಕಾಲಮನ್ನು ಮೊದಲೇ ಟೆಕ್ಸ್ಟ್ ಎಂದು ಗುರುತಿಸಿಕೊಳ್ಳುವುದು ಒಳ್ಳೆಯದು. ಬರೆದ ಮೇಲೆ ಗುರುತಿಸಿದರೆ ಪ್ರಯೋಜನವಿಲ್ಲ.

ಗೋಲುಗಳ ಅಂತರದಿಂದ ಪ್ರಿನ್ಸ್‌ಟನ್ನಿಗೆ ಚಾಂಪಿಯನ್ ಪಟ್ಟ ಕಟ್ಟಿರುವುದನ್ನಂತೂ ದಯವಿಟ್ಟು ಅಳಿಸಿ. ಮೊದಲ ಪಂದ್ಯ ರಟ್ಗರ್ಸ್ ನಿಯಮದಂತೆ ನಡೆಯಿತು. ಎರಡನೆಯದು ಪ್ರಿನ್ಸ್‌ಟನ್ ನಿಯಮದಂತೆ, ಅಂದರೆ ಚೆಂಡನ್ನು ಗಾಳಿಯಲ್ಲಿ ಹಿಡಿದವನಿಗೆ ಫ್ರೀ ಕಿಕ್ (ಎದುರಾಳಿಗಳ ಅಡ್ಡಿಯಿಲ್ಲದ ಒದೆತ) ಕೊಡುವ ಪದ್ಧತಿಯಲ್ಲಿ ನಡೆಯಿತು. ಎರಡು ಬಗೆಯ ಆಟಗಳ ಗೋಲುಗಳನ್ನು ಕೂಡಿ ಕಳೆದರೆ ಏನು ಸಿಕ್ಕೀತು? ತೀರ್ಮಾನವಾಗಬೇಕಿದ್ದ ಮೂರನೆಯ ಪಂದ್ಯ ನಡೆಯಲೇ ಇಲ್ಲ. ಈಗ ಕಾಣುವ ಚಾಂಪಿಯನ್ ಪಟ್ಟಗಳೆಲ್ಲ ಎಷ್ಟೋ ಕಾಲದ ನಂತರ ಕೊಟ್ಟವು. ಪ್ರತ್ಯೇಕ ಕಾಲಂನಲ್ಲಿ, ಕೊಟ್ಟವರ ಹೆಸರಿನೊಂದಿಗೆ ಇರಲಿ.

ಹಳೆಯ ಪತ್ರಿಕೆಗಳಲ್ಲಿ ಹುಡುಕುವಾಗ ಪ್ರಿನ್ಸ್‌ಟನ್ ಎಂದಷ್ಟೇ ಹಾಕಬೇಡಿ. 1896ರವರೆಗೆ ಅದರ ಅಧಿಕೃತ ಹೆಸರು ಕಾಲೇಜ್ ಆಫ್ ನ್ಯೂಜೆರ್ಸಿ. ರಟ್ಗರ್ಸ್ ವಿದ್ಯಾರ್ಥಿಗಳ ‘ಟಾರ್ಗಮ್’ ಪತ್ರಿಕೆಯ 1869ರ ನವೆಂಬರ್ ಸಂಚಿಕೆಯಲ್ಲಿ ಮೊದಲ ಪಂದ್ಯದ ವರದಿಯಿದೆ. ಬೇರೆಯವರ ಪಟ್ಟಿಯಿಂದ ನಕಲು ಮಾಡುವ ಮೊದಲು ಅದನ್ನು ಓದಿ. ಅಂದ ಹಾಗೆ, ಸ್ಥಳದ ಕಾಲಂನಲ್ಲಿ ಎರಡೂ ಪಂದ್ಯಗಳಿಗೆ ರಟ್ಗರ್ಸ್ ಇರುವ ಊರಾದ ನ್ಯೂ ಬ್ರನ್ಸ್‌ವಿಕ್ ಎಂದೇ ಹಾಕಿದ್ದೀರಿ. ನವೆಂಬರ್ 13ರ ಪಂದ್ಯ ನಡೆದದ್ದು ಪ್ರಿನ್ಸ್‌ಟನ್ನಿನಲ್ಲಿ, ಅದನ್ನೂ ತಿದ್ದಿಬಿಡಿ.